ಕ್ವಿಂಟಲಿಗೆ ಒಂದು ಕಿಲೋ

೨೦೨೪ರ ನವೆಂಬರ್ ೧೬, ಶನಿವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ಯಾದಗಿರಿ ಕ್ರೀಡಾಂಗಣದ ಎದುರಿನ ಚಹಾದಂಗಡಿಯಲ್ಲಿ ಕುಸ್ತಿ ಕೋಚ್ ಮರಿಲಿಂಗಪ್ಪ ಅರ್ಧ ಕಪ್ ಚಹಾವನ್ನು ಕಣ್ಣಳತೆಯಲ್ಲೇ ತೂಗಿ ಮಲ್ಲೇಶ್ವರಿಯ ಕೈಗೆ ಕೊಟ್ಟ.

"ನೂರು ಗ್ರಾಂ ಅದ. ಗುಟುಕು ಗುಟುಕು ಕುಡಿ."

"ಬ್ಯಾಡ್ರಿ ಸರ. ತೂಕ ಆದಮ್ಯಾಗ ಕುಡಿತೀನಿ."

"ನಿನ್ನಿ ಮಧ್ಯಾಹ್ನದಿಂದ ನೀರು ಮುಟ್ಟಿಲ್ಲ ನೀ. ಮುಂಜಾನಿ ಕಳಿಸಿದ ತೂಕದ ಕಾಟಾದ ಫೋಟೋದಾಗ ನಲವತ್ತೊಂಬತ್ತು ಕಿಲೋ ಎಂಟ್ನೂರು ಬಂದದ. ಇನ್ನೂರು ಗ್ರಾಂ ಜಾಗ ಅದ. ಕುಸ್ತಿ ಹಿಡಿಯೂಮುಂದ ಕಣ್ಣು ಕತ್ತಲಿ ಬರಬಾರದು."

ಪಕ್ಕದಲ್ಲಿ ಕುಳಿತಿದ್ದ ತಾಯಿ ಸಾಯಬಮ್ಮ ಮಗಳ ಮೊಣಕೈ ತಿವಿದಳು. "ಕುಡಿ ಯವ್ವಾ. ಸರಿಗೆ ಲೆಕ್ಕ ಗೊತ್ತದ. ಬಿಎಸ್ಸಿ ಓದ್ಯಾರ."

ಮಲ್ಲೇಶ್ವರಿ ಕುಡಿದಳು. ಅವಳದು ಐವತ್ತು ಕಿಲೋ ವಿಭಾಗ. ಆ ತೂಕದಲ್ಲಿ ಅವಳನ್ನು ಚಿತ್ ಮಾಡುವವರು ಸುತ್ತಲಿನ ಜಿಲ್ಲೆಗಳಲ್ಲಿ ಯಾರೂ ಇಲ್ಲವೆಂದು ಎದುರಾಳಿಗಳ ಕೋಚ್‌ಗಳೇ ಒಪ್ಪಿದ್ದರು. ಇವತ್ತಿನ ಆಯ್ಕೆ ಪಂದ್ಯ ಗೆದ್ದರೆ ರಾಜ್ಯ ಶಿಬಿರ, ಅಲ್ಲಿ ಒಳ್ಳೆಯ ಮ್ಯಾಟ್, ಮೂರು ಹೊತ್ತಿನ ಊಟ. ವಯಸ್ಸಿನ ಮಿತಿಯಲ್ಲಿ ಅವಳಿಗೆ ಇದೇ ಕಡೆಯ ವರ್ಷ. ಇಲ್ಲವಾದರೆ ಸುರಪುರದ ಆಚೆಯ ತನ್ನ ಹಳ್ಳಿಗೆ ಮರಳಿ, ತಾಯಿಯ ಜೊತೆ ಹತ್ತಿ ಬಿಡಿಸಲು ಹೋಗಬೇಕು.

ಮರಿಲಿಂಗಪ್ಪ ವಾಚು ನೋಡಿದ. ತೂಕ ಏಳರಿಂದ ಏಳೂವರೆಯವರೆಗೆ. ಅವನ ಜೇಬಿನ ವೇಳಾಪಟ್ಟಿಯ ಗ್ರಾಫ್ ಹಾಳೆಯಲ್ಲಿ ಏಳೂಕಾಲರ ಚೌಕದಲ್ಲಿ 'ಬಾಳೆಹಣ್ಣು, ಗ್ಲೂಕೋಸ್' ಎಂದು ಬರೆದಾಗಿತ್ತು.

ಆ ಗ್ರಾಫ್ ಹಾಳೆ ಬಂದದ್ದು ಅಕ್ಟೋಬರಿನಲ್ಲಿ. ಬೆಳಿಗ್ಗೆ ಯಾದಗಿರಿ, ಮಧ್ಯಾಹ್ನ ಶಹಾಪುರ, ಸಂಜೆ ಸುರಪುರ. ಮೂರು ಕಡೆ ಒಬ್ಬನೇ ಕೋಚ್, ಒಂದೇ ಬೈಕು. ಯಾವ ತಂಡಕ್ಕೂ ಪಾಠ ಪೂರ್ತಿಯಾಗುತ್ತಿರಲಿಲ್ಲ. ಒಂದು ವಾರ ಸ್ಟಾಪ್‌ವಾಚ್ ಹಿಡಿದು ತನ್ನ ದಿನವನ್ನು ತಾನೇ ಅಳೆದ. ರಸ್ತೆಯನ್ನು ಕಡಿಮೆ ಮಾಡುವಂತಿರಲಿಲ್ಲ. ಸುರಪುರದಲ್ಲಿ ಮಾತ್ರ ದಿನಾ ನಲವತ್ತು ನಿಮಿಷ ಹುಡುಗಿಯರ ತೂಕಕ್ಕೇ ಹೋಗುತ್ತಿತ್ತು. ಒಬ್ಬೊಬ್ಬಳೇ ಕಾಟಾದ ಮೇಲೆ ನಿಂತು, ಯಾರಿಗೆ ಜ್ವರ, ಯಾರ ಮನೆಯಲ್ಲಿ ಜಗಳ ಎಂದು ಹೇಳುತ್ತ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹಾಳೆಯ ಆ ನಲವತ್ತು ನಿಮಿಷದ ಚೌಕವನ್ನು ಅವನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ. ಕಾಟಾ ಬೀರುವಿಗೆ ಸೇರಿತು. "ನಿಮ್ಮೂರಾಗ ಎಲ್ಲಿ ಕಾಟಾ ಸಿಗ್ತದ ಅಲ್ಲಿ ತೂಗಿಕೊಂಡು ಫೋಟೋ ಕಳಿಸ್ರಿ," ಎಂದ. ಮೂವತ್ತೆಂಟು ದಿನಗಳಲ್ಲಿ ಇಪ್ಪತ್ತೈದು ಗಂಟೆ ಇಪ್ಪತ್ತು ನಿಮಿಷ ಉಳಿಯಿತು. ಅದಷ್ಟನ್ನೂ ಅವನು ಮ್ಯಾಟಿನ ಮೇಲೆಯೇ ಸುರಿದ. ಮಲ್ಲೇಶ್ವರಿಯ ಕಾಲುಹಿಡಿತ ಗಟ್ಟಿಯಾದದ್ದು ಆ ಗಂಟೆಗಳಲ್ಲೇ.

ಏಳು ಗಂಟೆಗೆ ಹುಡುಗಿಯರ ತೂಕದ ಕೋಣೆಯ ಬಾಗಿಲು ತೆರೆಯಿತು. ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಮರಿಲಿಂಗಪ್ಪ ಹೊರಗೆ ಗೋಡೆಗೆ ಒರಗಿ ನಿಂತ. ತೂಕದ ಅಧಿಕಾರಿ ರೇಣುಕಾದೇವಿ ಅಂಕಿಗಳನ್ನು ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು.

"ಮಲ್ಲೇಶ್ವರಿ. ಐವತ್ತು ಕಿಲೋ ನಾಲ್ಕುನೂರು ಗ್ರಾಂ. ಹೆಚ್ಚದ ನೋಡವ್ವ."

ಅವನು ಬಾಗಿಲ ಹತ್ತಿರ ಹೋದ. "ಮೇಡಂ, ನಿಮ್ಮ ಕಾಟಾ ಒಮ್ಮೆ ನೋಡ್ರಿ. ನಮ್ಮದು ನಲವತ್ತೊಂಬತ್ತು ಎಂಟ್ನೂರು."

ರೇಣುಕಾದೇವಿ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಬಟ್ಟನ್ನು ಕಾಟಾದ ಮೇಲೆ ಇಡಿಸಿದಳು. "ಇಪ್ಪತ್ತಕ್ಕ ಇಪ್ಪತ್ತೇ ಅದರಿ ಮಾಸ್ತರ. ಏಳೂವರಿ ತನಕ ಎಷ್ಟು ಸಲ ಬೇಕಾದ್ರೂ ಹತ್ತಲಿ. ಆಮ್ಯಾಗ ನನ್ನ ಕೈಯಾಗಿಲ್ಲ."

ಮಲ್ಲೇಶ್ವರಿ ಹೊರಗೆ ಬಂದಳು. ಅವಳ ತುಟಿ ಒಣಗಿ ಬಿಳಿಚಿತ್ತು.

"ಮುಂಜಾನಿ ಯಾವ ಕಾಟಾದ ಮ್ಯಾಲ ನಿಂತಿದ್ದಿ?"

"ದಿನಾ ನಿಲ್ಲೂದ್ರ ಮ್ಯಾಲೇ ರಿ ಸರ. ನಮ್ಮೂರ ಹತ್ತಿ ಖರೀದಿ ಸಾವ್ಕಾರಂದು."

ಸಾಯಬಮ್ಮ ಸೆರಗು ಬಾಯಿಗೆ ಹಿಡಿದಳು. "ಅದು ಕ್ವಿಂಟಲಿಗೆ ಒಂದ್ ಕಿಲೋ ಸೂಟ ಮುರೀತದಲ್ರಿ ಸರ. ಕಾಟಾದ ಒಳಗೇ ಇಟ್ಟಾರ. ಊರಿಗೆಲ್ಲ ಗೊತ್ತದ. ನಿಮಗ ಗೊತ್ತಿದ್ದಿಲ್ಲೇನು?"

ಹತ್ತಿಯಲ್ಲಿ ಕಸ ಇರುತ್ತದೆ, ತೇವ ಇರುತ್ತದೆ ಎಂದು ವ್ಯಾಪಾರಿಗಳು ತೂಕದಲ್ಲಿ ಮುರಿದುಕೊಳ್ಳುವುದೇ ಸೂಟು. ಮರಿಲಿಂಗಪ್ಪನ ಅಪ್ಪನೂ ಅದಕ್ಕಾಗಿ ಪ್ರತಿ ವರ್ಷ ಜಗಳಾಡಿ ಬರುತ್ತಿದ್ದ.

"ನಿನಗೂ ಗೊತ್ತಿತ್ತೇನು?" ಎಂದು ಅವನು ಮಲ್ಲೇಶ್ವರಿಯನ್ನು ಕೇಳಿದ.

"ಹತ್ತಿಗಷ್ಟ ಮುರೀತದಂತ ತಿಳ್ಕೊಂಡಿದ್ದೆ ರಿ. ಮನುಷ್ಯಾರಿಗೂ ಮುರೀತದಂತ ತಲಿಗೇ ಬರಲಿಲ್ಲ."

ಅವನಿಗೆ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೊದಲ ದಿನ ಕಲಿಸಿದ್ದು ಒಂದೇ: ಅಳೆಯುವ ಮೊದಲು ಅಳತೆಯ ಸಾಧನದ ದೋಷ ನೋಡು. ಮೂವತ್ತೆಂಟು ಫೋಟೋಗಳಲ್ಲಿ ಅವನು ಅಂಕಿಗಳನ್ನಷ್ಟೇ ನೋಡಿದ್ದ. ಅಂಕಿಗಳ ಸುತ್ತ ಅಂಟಿಕೊಂಡಿದ್ದ ಹತ್ತಿಯ ಎಳೆಗಳು ಈಗ ನೆನಪಾದವು. ಆ ಕಾಟಾ ನೂರಕ್ಕೆ ಒಂದು ಕಡಿಮೆ ತೋರಿಸುತ್ತದೆ. ನಲವತ್ತೊಂಬತ್ತು ಎಂಟ್ನೂರು ತೋರಿಸಿದಾಗ ಇದ್ದದ್ದು ಐವತ್ತು ಮುನ್ನೂರು. ಅದರ ಮೇಲೆ ತಾನೇ ಕುಡಿಸಿದ್ದು ನೂರು. ಲೆಕ್ಕ ಗ್ರಾಮಿಗೆ ಗ್ರಾಂ ಕೂಡಿತು.

"ಓಡು," ಎಂದ.

ಎರಡು ಸ್ವೆಟರ್ ಮೇಲೆ ಅವನದೇ ಜಾಕೆಟ್ ಹಾಕಿಕೊಂಡು ಅವಳು ಮೈದಾನ ಸುತ್ತಿದಳು. ಅವನೂ ಜೊತೆಗೆ ಓಡಿದ. ಏಳು ಹದಿನಾಲ್ಕಕ್ಕೆ ಐವತ್ತು ಕಿಲೋ ಇನ್ನೂರೈವತ್ತು ಗ್ರಾಂ. ಇನ್ನೊಮ್ಮೆ ಓಡಿದಳು. ಉಗುಳಲು ಹೋದರೆ ಬಾಯಲ್ಲಿ ಜೊಲ್ಲಿರಲಿಲ್ಲ. ಸಾಯಬಮ್ಮ ಜೊಲ್ಲು ಬರಿಸಲು ಹುಣಸೆಹಣ್ಣು ಎಲ್ಲಿ ಸಿಕ್ಕೀತೆಂದು ಗೇಟಿನತ್ತ ಹೋಗಿ, ಸಿಗದೆ ಬರಿಗೈಲಿ ಬಂದಳು. ಏಳು ಇಪ್ಪತ್ತೆರಡಕ್ಕೆ ಐವತ್ತು ಕಿಲೋ ನೂರೈವತ್ತು ಗ್ರಾಂ.

"ಸರ, ಬೆವರು ನಿಂತದ," ಎಂದಳು ಮಲ್ಲೇಶ್ವರಿ. ಮುಟ್ಟಿ ನೋಡಿದ. ಹಣೆ ಕೆಂಡದಂತೆ ಸುಡುತ್ತಿತ್ತು, ಒಣಗಿತ್ತು.

"ಸಾಕು ಬಿಡವ್ವ," ಎಂದ.

"ಇನ್ನೊಂದು ಸುತ್ತು ರಿ ಸರ. ನೀವೇ ಹೇಳ್ತಿದ್ರಲ್ಲ, ಒಂದು ನಿಮಿಷನೂ ಕೆಡಸಬಾರದಂತ."

ಅದರಲ್ಲಿ ಕುಟುಕು ಇರಲಿಲ್ಲ; ಕಲಿತ ಪಾಠವನ್ನು ಒಪ್ಪಿಸುವಂತೆ ಹೇಳಿದಳು. ಹೋಗಿ ಓಡಿದಳು. ತಿರುವಿನಲ್ಲಿ ಎರಡು ಸಲ ಮೊಣಕಾಲೂರಿದಳು, ಎದ್ದಳು. ಅವನ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಉಳಿಸಿದ ಇಪ್ಪತ್ತೈದು ಗಂಟೆಗಳಲ್ಲಿ ಈಗ ಅವನಿಗೆ ಬೇಕಿದ್ದದ್ದು ಹತ್ತು ನಿಮಿಷ.

ಏಳು ಇಪ್ಪತ್ತೊಂಬತ್ತಕ್ಕೆ ಸಾಯಬಮ್ಮ ಮಗಳನ್ನು ತೋಳು ಹಿಡಿದು ಒಳಗೆ ಕರೆದೊಯ್ದಳು. ಮರಿಲಿಂಗಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ಜೇಬಿನಲ್ಲಿ ಮಡಚಿದ ಗ್ರಾಫ್ ಹಾಳೆ ಬೆವರಿಗೆ ತೊಯ್ದು ಎದೆಗೆ ಅಂಟಿತ್ತು. ಒಳಗೆ ಬಟ್ಟೆ ಬಿಚ್ಚುವ ಸದ್ದು, ಆಮೇಲೆ ಬರಿಗಾಲು ಕಾಟಾದ ಮೇಲೆ ಊರಿದ ಸದ್ದು. ರೇಣುಕಾದೇವಿ ಈ ಸಲ ಮೆಲ್ಲಗೆ ಓದಿದಳು.

ಐವತ್ತು ಕಿಲೋ ತೊಂಬತ್ತು ಗ್ರಾಂ.