ಎತ್ತಿ ಕುಡಿದ ಏಲ್

ಸೇತುರಾಮನಿಗೆ ಅನುಮಾನ ಹುಟ್ಟುಗುಣವೋ, ಕೆಲಸ ಕಲಿಸಿದ್ದೋ, ಹೇಳೋದು ಕಷ್ಟ. ಕಡಲಾಚೆ, ಸೆಲೆಟಾರ್ ಅನ್ನೋ ಊರಿನಲ್ಲಿ ವಿಮಾನ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಅವನು ಇನ್‌ಸ್ಪೆಕ್ಟರ್. ಮೆಕ್ಯಾನಿಕ್ ಬಿಗಿ ಮಾಡಿದ್ದೀನಿ ಅಂದ ಬೋಲ್ಟನ್ನೂ ಕಣ್ಣಾರೆ ನೋಡದೆ ಸಹಿ ಹಾಕೋ ಹಾಗಿಲ್ಲ. ಸರಿ, ಒಪ್ಪೋಣ. ಆದರೆ ಅದನ್ನ ಅಲ್ಲಿಗೇ ಬಿಡಬೇಕಲ್ಲ ಮಹಾರಾಯ? ಮನೆಗೆ ಬಂದು ಮೊಸರಲ್ಲೂ ಕಲ್ಲು ಹುಡುಕೋನು.

ಆ ವರ್ಷ, ತೊಂಬತ್ತನಾಲ್ಕರಲ್ಲಿ, ಅವನ ಅನುಮಾನವೆಲ್ಲ ಹೋಗಿ ಕೂತಿದ್ದು ಕಾಂತಪ್ಪನವರ ಮೇಲೆ. ಕಾಂತಪ್ಪ ಉಡುಪಿ ಕಡೆಯವರು, ಇವನಿಗಿಂತ ಐದು ವರ್ಷ ದೊಡ್ಡವರು, ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಅದೇ ಹ್ಯಾಂಗರಿನ ಇನ್ನೊಬ್ಬ ಇನ್‌ಸ್ಪೆಕ್ಟರ್. ಎಂಟು ವರ್ಷದಿಂದ ಇಬ್ಬರೂ ಒಂದೇ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚಿದವರು. ಈಗ ಅವರ ಮೇಲಿನ ಚೀಫ್ ಇನ್‌ಸ್ಪೆಕ್ಟರ್, ಸ್ಕಾಟ್ಲೆಂಡಿನ ಮೆಕ್ರೇ ಸಾಹೇಬರು, ರಿಟೈರ್ ಆಗಿ ಊರಿಗೆ ಹೊರಟಿದ್ದರು. ಹೋಗುವ ಮುಂಚೆ ತಮ್ಮ ಕುರ್ಚಿಗೆ ಇವರಿಬ್ಬರಲ್ಲಿ ಒಬ್ಬರ ಹೆಸರು ಬರೆದುಕೊಡೋರಿದ್ದರು. ಸೇತುರಾಮನಿಗೆ ಆ ಕುರ್ಚಿ ಬೇಕಿತ್ತು. ಕೂತರೂ ನಿಂತರೂ ಅದೇ ಧ್ಯಾನ.

ಹೀಗಿರುವಾಗ ಒಂದು ಗುರುವಾರ ಕಾಂತಪ್ಪ ಬಂದು, ಸಾಹೇಬರ ಊರಿಂದ ಹಳೇ ಕಾಲದ ಏಲ್ ಬಂದಿದೆಯಂತೆ, ಶನಿವಾರ ಮಧ್ಯಾಹ್ನ ನಮ್ಮಿಬ್ಬರನ್ನೂ ರುಚಿ ನೋಡೋಕೆ ಮನೆಗೆ ಕರೆದಿದ್ದಾರೆ ಅಂದರು. ಅದು ಬಿಯರಿನ ಜಾತಿಯದೇ, ಬೆಟ್ಟದ ಹೂವು ಹಾಕಿ ಕುದಿಸಿದ್ದು. ಮೀನು ಮಾಂಸದ್ದು ಏನೂ ಸೇರಿಲ್ಲ, ನಾನೇ ಕೇಳಿ ಖಾತ್ರಿ ಮಾಡ್ಕೊಂಡಿದ್ದೀನಿ, ನೀವು ಬರಲೇಬೇಕು ಅಂತ ಒತ್ತಾಯ ಬೇರೆ. ಸೇತುರಾಮನ ಕಿವಿ ನೆಟ್ಟಗಾಯಿತು. ಕುರ್ಚಿಗೆ ಪೈಪೋಟಿ ಇರೋ ಮನುಷ್ಯನಿಗೆ ನನ್ನ ಊಟ ತಿಂಡಿಯ ಮೇಲೆ ಇಷ್ಟು ಕಾಳಜಿ ಯಾಕೆ?

ಬುಕಿತ್ ಬಾಟೋಕ್‌ನ ಫ್ಲ್ಯಾಟಿಗೆ ಬಂದು ಹೆಂಡತಿ ಭಾನುಮತಿಗೆ ಹೇಳಿದ. ಇದರಲ್ಲಿ ಏನೋ ಇದೆ, ಸಾಹೇಬರ ಮುಂದೆ ನನ್ನ ಮರ್ಯಾದೆ ತೆಗೆಯೋ ಪ್ಲ್ಯಾನು ಅಂದ. ಅವಳು ಕಾಯಿ ತುರಿಯುತ್ತಾ, ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ, ಸುಮ್ಮನೆ ಹೋಗಿ ಬನ್ನಿ ಅಂದಳು. ಹೋಗೋಕೇನು, ಕಂಪನಿ ಡಿನ್ನರುಗಳಲ್ಲಿ ಬಿಯರ್ ಕುಡಿದವನೇ ಅವನು. ಅದಕ್ಕೆಲ್ಲ ಮಡಿ ಇರಲಿಲ್ಲ. ಎಂಜಲು ಮಾತ್ರ ಅವನಿಗೆ ಸುತರಾಂ ಆಗದು. ಹ್ಯಾಂಗರಿನಲ್ಲೂ ನೀರಿನ ಬಾಟಲಿಯನ್ನು ಎತ್ತಿ ಹಿಡಿದು ಗಟಗಟ ಬಾಯಿಗೆ ಸುರಿದುಕೊಳ್ಳೋನು. ಮೆಕ್ಯಾನಿಕ್‌ಗಳೆಲ್ಲ ಕೆಲಸ ನಿಲ್ಲಿಸಿ ನೋಡೋರು.

ಶನಿವಾರ ಮೆಕ್ರೇ ಸಾಹೇಬರ ವರಾಂಡದಲ್ಲಿ ಮೂವರೂ ಕೂತರು. ಸೇತುರಾಮ ಮೇಜಿನ ಮೇಲೆ ಗ್ಲಾಸು ಹುಡುಕಿದ. ಒಂದೂ ಇಲ್ಲ. ಸಾಹೇಬರು ಒಳಗಿಂದ ತಂದದ್ದು ಒಂದೇ ಒಂದು ಬೆಳ್ಳಿ ಬಟ್ಟಲು, ಅಗಲವಾದ್ದು, ಆಳವಿಲ್ಲದ್ದು, ಎರಡೂ ಕಡೆ ಹಿಡಿ. ನಮ್ಮಲ್ಲಿ ಸ್ನೇಹಿತರು ಕುಡಿಯೋದೇ ಹೀಗೆ, ಎರಡು ಕೈಯಲ್ಲಿ ಹಿಡಿದು ಕುಡಿದು ಪಕ್ಕದವರಿಗೆ ಎರಡು ಕೈಯಲ್ಲೇ ಕೊಡಬೇಕು, ವಯಸ್ಸಲ್ಲಿ ದೊಡ್ಡ ಅತಿಥಿ ಮೊದಲು, ಮನೆಯವನು ಕೊನೆಗೆ ಅಂತ ವಿವರಿಸಿದರು. ಅಂದರೆ ಕಾಂತಪ್ಪ ಬಾಯಿ ಹಾಕಿದ ಬಟ್ಟಲು ಸೀದಾ ಇವನ ಕೈಗೆ. ಸೇತುರಾಮ ಎರಡೂ ಕೈಯನ್ನು ಮೇಜಿನ ಕೆಳಗೆ ಸೇರಿಸಿದ. ಓರೆಗಣ್ಣಲ್ಲಿ ನೋಡಿದರೆ ಕಾಂತಪ್ಪನವರ ಮುಖದಲ್ಲಿ ಆಶ್ಚರ್ಯದ ಸುಳಿವೇ ಇಲ್ಲ. ಓಹೋ, ಇವರಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಅಷ್ಟು ಒತ್ತಾಯ ಅಂದುಕೊಂಡ.

ಸಾಹೇಬರು ಏಲ್ ಸುರಿದರು. ಜೋನಿಬೆಲ್ಲದ ಬಣ್ಣ, ಒಣಗಿದ ಹೂವಿನ ವಾಸನೆ. ಕಾಂತಪ್ಪ ಬಟ್ಟಲು ತಗೊಂಡರು. ಒಮ್ಮೆ ಸೇತುರಾಮನ ಕಡೆ ನೋಡಿದರು. ಆಮೇಲೆ ತಲೆ ಹಿಂದಕ್ಕೆ ಹಾಕಿ, ಬಟ್ಟಲನ್ನು ಬಾಯಿಯಿಂದ ಒಂದು ಗೇಣು ಮೇಲೆ ಎತ್ತಿ ಸುರಿದುಕೊಂಡರು. ಅಗಲ ಬಟ್ಟಲು, ಲೋಟವೇ ಅದು? ಸುರಿದದ್ದರಲ್ಲಿ ಸ್ವಲ್ಪ ಬಾಯಿಗೆ ಹೋಯಿತು, ಮಿಕ್ಕಿದ್ದು ಗದ್ದದಿಂದ ಇಳಿದು ಬಿಳಿ ಅಂಗಿಯನ್ನೆಲ್ಲ ತೋಯಿಸಿತು, ಬಟ್ಟಲಲ್ಲಿ ಅರ್ಧ ಉಳಿಯಿತು. ಮೆಕ್ರೇ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಥೇಟ್ ಸೇತುರಾಮನ ಥರ ಅಂದರು.

ಅಷ್ಟೇ ಸಾಕಾಯಿತು. ನನ್ನನ್ನ ಅಣಕಿಸಿ ಸಾಹೇಬರನ್ನ ನಗಿಸ್ತಾ ಇದ್ದಾರೆ ಅಂತ ಸೇತುರಾಮನ ಮೈಯೆಲ್ಲ ಉರಿದುಹೋಯಿತು. ನಾಲಿಗೆ ಹಿಡಿತ ತಪ್ಪಿತು. ಹೋದ ತಿಂಗಳು ರಿಪೇರಿಗೆ ಬಂದಿದ್ದ ಒಂದು ವಿಮಾನದ ಚಕ್ರದ ಕೆಲಸವನ್ನು ಕಾಂತಪ್ಪ ನೋಡದೇನೇ ಪಾಸ್ ಮಾಡಿದ್ದಾರೆ ಅಂದುಬಿಟ್ಟ.

ಸಾಹೇಬರ ನಗು ನಿಂತಿತು. "ಕಣ್ಣಾರೆ ನೋಡಿದೆಯಾ?"

"ನೋಡಿದೆ," ಅಂದ ಸೇತುರಾಮ. ಅವನು ನೋಡಿದ್ದು ಇಷ್ಟೇ, ಕಾಂತಪ್ಪ ಅವತ್ತು ಟೀಗೆ ಬೇಗ ಬಂದಿದ್ದರು. ಮಿಕ್ಕಿದ್ದನ್ನೆಲ್ಲ ಅನುಮಾನವೇ ಹೊಲಿದಿತ್ತು.

ಆ ಕೆಲಸದಲ್ಲಿ ಇಂಥ ಮಾತು ಬಂದರೆ ವಿಚಾರಣೆ ಮುಗಿಯುವವರೆಗೆ ಇನ್‌ಸ್ಪೆಕ್ಟರು ಪಾಸ್ ಮಾಡಿದ ಕೆಲಸಕ್ಕೆ ಒತ್ತೋ ತನ್ನ ನಂಬರಿನ ಸ್ಟಾಂಪು ಒಪ್ಪಿಸಬೇಕು. ಸಾಹೇಬರು ಕೈ ಚಾಚಿದರು. ಕಾಂತಪ್ಪ ಬಟ್ಟಲನ್ನು ಎಡಗೈಗೆ ದಾಟಿಸಿ, ಒದ್ದೆ ಜೇಬಿನಿಂದ ಸ್ಟಾಂಪು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕನ್ನಡದಲ್ಲಿ ಹೇಳಿದರು:

"ನಾನು ಬಾಯಿ ಹಾಕಿದ್ರೆ ನೀವು ಮುಟ್ಟಲ್ಲ, ಸಾಹೇಬ್ರಿಗೆ ಬೇಜಾರಾಗುತ್ತೆ, ನಿಮ್ಮ ಕೆಲಸಕ್ಕೆ ಕುತ್ತು ಅಂತ ಎತ್ತಿ ಕುಡಿದೆ ಸೇತುರಾಮರೆ. ಅಭ್ಯಾಸ ಇಲ್ಲ, ಚೆಲ್ಲಿಹೋಯ್ತು. ತಗೊಳ್ಳಿ, ಇನ್ನೂ ಎಂಜಲಾಗಿಲ್ಲ."

ಎರಡೂ ಕೈಯಲ್ಲಿ ಬಟ್ಟಲು ಮುಂದೆ ಹಿಡಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸೇತುರಾಮನಿಗೆ. ಬಟ್ಟಲು ತಗೊಂಡ. ಸಾಹೇಬರ ಕಡೆ ತಿರುಗಿ, ನಾನು ಏನೂ ನೋಡಿಲ್ಲ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡ. ಸಾಹೇಬರು ಕಾಂತಪ್ಪನವರ ಸ್ಟಾಂಪನ್ನು ಅವರ ಕಡೆ ಸರಿಸಿ, ಸೇತುರಾಮನ ಮುಂದೆ ಕೈ ಚಾಚಿದರು. ನೋಡದ್ದನ್ನು ನೋಡಿದೆ ಅನ್ನೋನು ನನ್ನ ಹ್ಯಾಂಗರಿಗೆ ಬೇಡ ಅಂದರು. ಕುರ್ಚಿಯ ಮಾತಿರಲಿ, ಇದ್ದ ಕೆಲಸವೂ ಹೋಯಿತು. ಸೇತುರಾಮ ಸ್ಟಾಂಪು ಕೊಟ್ಟ.

ಕೈಯಲ್ಲಿ ಬಟ್ಟಲು ಉಳಿದಿತ್ತು. ಅವನು ಎತ್ತಲಿಲ್ಲ, ಅಂಚಿಗೆ ತುಟಿ ಇಟ್ಟು ಕುಡಿದ. ಮೊದಲು ಸಿಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಒಂಥರಾ ಕಹಿ. ತಳದಲ್ಲಿ ಒಂದು ಗುಟುಕು ಬಿಟ್ಟು, ಎರಡೂ ಕೈಯಲ್ಲಿ ಕಾಂತಪ್ಪನವರ ಮುಂದೆ ಹಿಡಿದ.

ಕಾಂತಪ್ಪ ಯಾರ ಎಂಜಲಿಗೂ ಹೇಸಿದವರಲ್ಲ. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಯಾರ ಲೋಟದಿಂದಲಾದರೂ ಒಂದು ಗುಟುಕು ಕಾಫಿ ಎಳೆಯೋರು. ಈಗ ಬಟ್ಟಲಿನ ಅಂಚನ್ನು ನೋಡಿದರು.

"ಬೇಡ," ಅಂದರು. "ನಿಮ್ಮದು ನಂಗೆ ಬೇಡ."

ಸಾಹೇಬರಿಗೆ ಕೈ ಮುಗಿದು, ಒದ್ದೆ ಅಂಗಿಯಲ್ಲೇ ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ಹೊರಟುಹೋದರು.