ಮೇಲಿನ ಗೆರೆಯಾಚೆಯ ಚುಕ್ಕೆ

ತಂಗಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆರುನೂರು ವರ್ಷಗಳ ಹಿಂದೆ ಯುರೋಪಿನ ಯಾವುದೋ ಕ್ರೈಸ್ತ ಮಠದ ಸನ್ಯಾಸಿಗಳು ಚರ್ಮದ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು, ಕರಿ ಚುಕ್ಕೆಗಳಲ್ಲಿ ಬರೆದಿಟ್ಟ ಪ್ರಾರ್ಥನೆಯ ಹಾಡುಗಳು. ಅವುಗಳ ಫೋಟೊ ನೋಡಿ, ಚುಕ್ಕೆಗೊಂದು ಸ್ವರದಂತೆ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ; ಚುಕ್ಕೆ ಮೇಲಿದ್ದಷ್ಟೂ ಸ್ವರ ಎತ್ತರ. ಅವಳು ಏರಿಸಿದ್ದನ್ನೇ ಅಕ್ಕನ ಗಾಯನ ವೃಂದ ಹಾಡುತ್ತಿತ್ತು. ಆ ಅಕ್ಕ ಇವತ್ತು ನಾಲ್ಕು ಗಂಟೆಗೆ ವೃಂದ ಬಿಡುವವಳಿದ್ದಳು.

"ಮೂರು ಹಾಡಲ್ಲೂ ಆ ಮೇಲಿನ ಸ್ವರಕ್ಕೆ ಬಂದ್ರೆ ಗಂಟಲು ಒಡೆಯುತ್ತೆ ಕಣೆ," ಎಂದಿದ್ದಳು ಬೆಳಿಗ್ಗೆ ಫೋನಿನಲ್ಲಿ. "ವಯಸ್ಸಾಯ್ತು. ಹಾಡಿಸೋ ಮೇಷ್ಟ್ರು ಹೋಗು ಅನ್ನೋಕೆ ಮುಂಚೆ ನಾನೇ ಹೋಗ್ತೀನಿ."

ಭಾವ ಸತ್ತ ಮೇಲೆ ಅಕ್ಕನನ್ನು ಮನೆಯಿಂದ ಹೊರಗೆಳೆದದ್ದು ಆ ವೃಂದವೊಂದೇ. ತಂಗಿ ಕಿಟಕಿ ತೆರೆದಳು, ಮುಚ್ಚಿದಳು, ಆರಿದ ಚಹಾ ಗುಟುಕರಿಸಿದಳು. ಮೂರು ಹಾಡಲ್ಲೂ ಅದೇ ಸ್ವರವೇ? ಹಾಳು ಅನುಮಾನ, ಒಮ್ಮೆ ಹೊಕ್ಕರೆ ಬಿಡುತ್ತದೆಯೇ.

ಮೊದಲ ಹಾಡಿದ್ದ ಹನ್ನೆರಡನೇ ಹಾಳೆ ತೆರೆದಳು. ಬಲಗಡೆ, ಮೇಲಿನ ಗೆರೆಗಿಂತಲೂ ಮೇಲೆ ಒಂಟಿ ಚುಕ್ಕೆ. ಹದಿಮೂರರಲ್ಲೂ ಅಲ್ಲೇ. ಹದಿನಾಲ್ಕರಲ್ಲೂ ಅಲ್ಲೇ. ಹಾಳೆಯ ಹಿಂಬದಿ ತೆಗೆದರೆ ಅದೇ ಚುಕ್ಕೆ ಎಡಗಡೆ, ಅಕ್ಷರಗಳ ನಡುವೆ. ಅದು ಶಾಯಿಯಲ್ಲ, ತೂತು. ಹುಳವೊಂದು ಮೂರು ಹಾಳೆಗಳನ್ನೂ ನೇರ ಕೊರೆದು ಹೋಗಿತ್ತು. ಫೋಟೊದವರು ಅಡಿಯಲ್ಲಿ ಕರಿ ಬಟ್ಟೆ ಹಾಸಿದ್ದರಿಂದ ತೂತೂ ಶಾಯಿಯಷ್ಟೇ ಕಪ್ಪಗೆ ಕಂಡಿತ್ತು. ಇಪ್ಪತ್ತು ವರ್ಷದ ಅನುಭವ ನೋಡಿ, ಆನೆ ನಡೆದದ್ದೇ ದಾರಿ. ಎರಡನೇ ಸಲ ನೋಡದೆ ಏರಿಸಿಬಿಟ್ಟಿದ್ದಳು.

ಸದ್ದಿಲ್ಲದೆ ಅಳಿಸಿ, ನಾಳೆ ಹೊಸ ಪ್ರತಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಒಪ್ಪಿಕೊಂಡರೆ ಮುಂದಿನ ಸಂಪುಟದ ಕೆಲಸ ಬೇರೆಯವರ ಪಾಲು. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ನಾಚಿಕೆಯಿಂದ ಮುಖ ಸುಡುತ್ತಿದ್ದರೂ ಫೋನ್ ಮಾಡಿದಳು.

"ಅಕ್ಕಾ, ನಿನ್ನ ಗಂಟಲಿಗೇನೂ ಆಗಿಲ್ಲ. ಈ ಹಾಡುಗಳು ಅಷ್ಟು ಮೇಲಕ್ಕೆ ಹೋಗೋದೇ ಇಲ್ಲ. ಹುಳ ಕೊರೆದ ತೂತನ್ನ ನಾನು ಸ್ವರ ಅಂತ ಹಾಕಿಬಿಟ್ಟಿದ್ದೆ."

ಆ ಕಡೆ ಅಕ್ಕ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಎರಡು ತಿಂಗಳಿಂದ ಉಪ್ಪುನೀರು ಮುಕ್ಕಳಿಸ್ತಿದ್ದೀನಿ," ಎಂದಳು ಅಕ್ಕ. "ಒಂದು ಹುಳಕ್ಕೋಸ್ಕರ."

"ಬೈದುಬಿಡು."

"ಬೈಯೋದು ಇದ್ದೇ ಇದೆ. ಮೇಷ್ಟ್ರು ಇಲ್ಲೇ ಇದ್ದಾರೆ, ಕೊಡ್ತೀನಿ. ನನಗೆ ಹೇಳಿದ್ದನ್ನೇ ಅವರಿಗೂ ಹೇಳು. ಸ್ಪೀಕರ್ ಹಾಕ್ತೀನಿ, ಎಲ್ಲರಿಗೂ ಕೇಳಲಿ."

ತಂಗಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು.