ಹೆಸರು ಬರೆಯುವ ಕೈ

ನಮ್ಮ ಕಾಲೇಜಿನ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವವಳು ನಾನು. ಮಿಕ್ಕಿದ್ದೆಲ್ಲ ಅಚ್ಚಾಗಿ ಬರುತ್ತದೆ. ಹೆಸರು ಮಾತ್ರ ಕೈಬರಹದಲ್ಲೇ ಇರಬೇಕು ಅನ್ನುವುದು ಕಾಲೇಜಿನ ಜಂಬ. ಇಪ್ಪತ್ತೆರಡು ವರ್ಷ ಆ ಜಂಬ ಹೊತ್ತದ್ದು ನನ್ನ ಬಲಗೈ.

ಐವತ್ತಕ್ಕೆ ಮುಟ್ಟು ನಿಂತಿತು. ಮರುವರ್ಷ ಅಕ್ಷರ ಕುಗ್ಗತೊಡಗಿತು. ಹೆಸರಿನ ಮೊದಲಲ್ಲಿ ದುಂಡಗಿದ್ದದ್ದು ಕೊನೆಗೆ ಇರುವೆಯಷ್ಟಾಗುತ್ತಿತ್ತು. ಸುಮ್ಮನೆ ಕೂತಾಗ ಹೆಬ್ಬೆರಳು ತಾನಾಗಿ ನಡುಗುತ್ತಿತ್ತು. ಈ ಕೈಯೇ ಹೋದರೆ ನನಗೆ ಇನ್ನೇನು ಉಳಿಯಿತು ಅಂತ ಜೀವ ಝಲ್ಲೆಂದಿತು.

ಗಂಡನಿಗೆ ಹೇಳಿದೆ. "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಕಣೇ," ಎಂದರು, ಪೇಪರಿನಿಂದ ತಲೆ ಎತ್ತದೆ. ನಾದಿನಿ, "ನಂಗೂ ಹಾಗೇ ಅತ್ತಿಗೆ, ಮೈಯೆಲ್ಲ ಬಿಸಿಯಾಗ್ತಿತ್ತು," ಎಂದಳು. ಕೈ ನಡುಗುವುದಕ್ಕೂ ನಿನ್ನ ಬಿಸಿಗೂ ಎಲ್ಲಿಂದೆಲ್ಲಿಗೆ ಸಂಬಂಧ, ಮಹಾರಾಯ್ತಿ! ಬೀದಿ ಕೊನೆಯ ಡಾಕ್ಟರು ನನ್ನ ಕೈ ಕಡೆ ನೋಡಲೂ ಇಲ್ಲ. "ಮುಟ್ಟು ನಿಂತಿದೆಯಲ್ಲ, ಇನ್ನೇನು ಮತ್ತೆ!" ಎಂದು ಕ್ಯಾಲ್ಸಿಯಂ ಬರೆದು ಕಳಿಸಿದರು. ಆ ಒಂದು ಉತ್ತರ ಸಿಕ್ಕಿದ್ದೇ ತಡ, ಯಾರೂ ನನ್ನನ್ನು ಎರಡನೇ ಪ್ರಶ್ನೆ ಕೇಳಲಿಲ್ಲ.

ಪ್ರಿನ್ಸಿಪಾಲರದ್ದು ಇನ್ನೂ ಚೆನ್ನ. "ಎಷ್ಟು ನಾಜೂಕು ಮೇಡಂ! ಉದ್ದುದ್ದ ಹೆಸರಿಗೂ ಈಗ ಜಾಗ ಸಾಲತ್ತೆ," ಎಂದು ಸಭೆಯಲ್ಲಿ ಚಪ್ಪಾಳೆ ಹೊಡೆಸಿದರು. ಇನ್ನು ಮುಂದೆ ಹೆಸರುಗಳು ಇದೇ ಗಾತ್ರದಲ್ಲಿರತಕ್ಕದ್ದು ಎಂದು ಸುತ್ತೋಲೆಯೂ ಹೊರಟಿತು. ನನ್ನ ಕಾಯಿಲೆ ಕಾಲೇಜಿನ ನಿಯಮವಾಯಿತು.

ಅಕ್ಷರ ಸುತ್ತೋಲೆ ಓದುತ್ತದೆಯೇ? ಇನ್ನೂ ಕುಗ್ಗಿತು. ಒಬ್ಬ ಹುಡುಗಿ ತನ್ನ ಹೆಸರು ತನಗೇ ಓದಲಾಗದೆ ಪ್ರಮಾಣಪತ್ರ ವಾಪಸ್ ತಂದಳು. ಅವತ್ತೇ ಎರಡು ವರ್ಷದ ಪ್ರಮಾಣಪತ್ರಗಳ ನಕಲುಗಳನ್ನು ಚೀಲಕ್ಕೆ ತುಂಬಿಕೊಂಡು ನರರೋಗದ ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋದೆ. ಅವರು ನಕಲುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು, ನನ್ನನ್ನು ನಡೆಸಿದರು, ಬೆರಳು ತಟ್ಟಿಸಿದರು.

"ಪಾರ್ಕಿನ್ಸನ್ ಕಾಯಿಲೆ. ಪೂರ್ತಿ ಹೋಗಲ್ಲ. ಮಾತ್ರೆಯಿಂದ ಕೈ ಸ್ವಲ್ಪ ಹಿಡಿತಕ್ಕೆ ಬರಬಹುದು."

"ಮುಟ್ಟು ನಿಂತಿದ್ದಕ್ಕೇ ಬಂತಾ?"

"ಗೊತ್ತಿಲ್ಲಮ್ಮ. ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನು ಮೆದುಳನ್ನ ಸ್ವಲ್ಪ ಕಾಯತ್ತೇನೋ, ಮುಟ್ಟು ನಿಂತು ಅದು ಕಮ್ಮಿಯಾದ್ರೆ ತೊಂದ್ರೆಯೇನೋ ಅಂತ ಅನುಮಾನ ಇದೆ. ಕೆಲವು ಅಧ್ಯಯನ ಹೌದು ಅನ್ನತ್ತೆ, ಕೆಲವು ಇಲ್ಲ ಅನ್ನತ್ತೆ. ಹೆಂಗಸರನ್ನ ಸರಿಯಾಗಿ ಕೇಳಿ ನೋಡಿದವರೇ ಕಮ್ಮಿ."

ಭಲೇ! ಮನೆಮಂದಿಗೆಲ್ಲ ಗೊತ್ತಿದ್ದ ವಿಷಯ, ಅದನ್ನೇ ಓದಿದವರಿಗೆ ಮಾತ್ರ ಗೊತ್ತಿರಲಿಲ್ಲ.

ಮನೆಗೆ ಬಂದು ಕಾಯಿಲೆಯ ಹೆಸರು ಹೇಳಿದೆ. ಗಂಡನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಎರಡು ವರ್ಷದಿಂದ ಹೇಳ್ತಾನೇ ಇದೀನಲ್ರೀ!" ಎಂದು ಕಿರುಚಿದೆ. ಆಮೇಲೆ ಅಳು ತಡೆಯಲಾಗಲಿಲ್ಲ.